ಬೀಜಕ್ಕೆ ಬಿಟ್ಟ ಸೋರೆ

ಚಿತ್ತೆ ಮಳೆ ಹಿಂದೆಗೆದು ಮೂರು ದಿನ.
ಶೇಂಗಾ ಬಳ್ಳಿ ಸಮೇತ ಅಂಗಳಕ್ಕೆ ಬಂದು ಬಿದ್ದಿದೆ,
ಹಸಿಮಣ್ಣಿನ ವಾಸನೆ ಒಲೆಯ ತನಕ.
ಕೂತು ಬಿಡಿಸಬೇಕು. ಕೂರುವುದಕ್ಕೇ ಹೊತ್ತಿಲ್ಲ.

ಎಮ್ಮೆ ಕೆಚ್ಚಲು ಬಿಟ್ಟಿದೆ, ಇವತ್ತೋ ನಾಳೆಯೋ.
ಕೊಟ್ಟಿಗೆಯ ಗುಂಡಿಗೆ ನಾಲ್ಕು ಪುಟ್ಟಿ ಗರಸು ಸುರಿದು
ನಾನೇ ದಿಮ್ಮಸು ಹೊಡೆದೆ.
ಬಣವೆಗೆ ಅಡಿಗಲ್ಲು ಜೋಡಿಸಿ ಅಂದರೆ ಇವರು
ಬೆಳಗಿನಿಂದ ಒಂದೇ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ,
ಹೆಣ್ಣು ನೋಡಲು ಹೋದವರ ಹಾಗೆ.
ಇರುವುದು ಆರೇ ಕುರಿ. ತುಪ್ಪಟ ಕತ್ತರಿಸುವ ಜುಂಜಪ್ಪ
ದೊಡ್ಡ ಮಂದೆಗಳು ಮುಗಿಯದೆ ನಮ್ಮ ಓಣಿಗೆ ಕಾಲಿಡುವುದಿಲ್ಲ.
ತಗಡಿನ ಮೇಲೆ ಮೆಣಸಿನಕಾಯಿ:
ಮೋಡ ಕಂಡರೆ ಒಳಗೆ, ಬಿಸಿಲು ಬಂದರೆ ಹೊರಗೆ,
ಬಾಣಂತಿಗಿಂತ ಹೆಚ್ಚು ಉಪಚಾರ.

ಇಷ್ಟರ ನಡುವೆ ಗೋಡೆಯಾಚೆಯ ಸೋರೆಕಾಯಿ.

ಬಳ್ಳಿ ನನ್ನದು. ಬೀಜ ಅತ್ತೆಯದು,
ದೊಡ್ಡೇರಿಯ ತವರಿನಿಂದ ಸೆರಗಿನ ಗಂಟಿನಲ್ಲಿ ಬಂದದ್ದು.
ಮೊದಲ ಹೀಚು ಬೀಜಕ್ಕೆ, ಯಾರೂ ಮುಟ್ಟಕೂಡದು ಅನ್ನುತ್ತಿದ್ದರು.
ಆ ಮೊದಲ ಹೀಚೇ ಈ ಸಲ ಗೋಡೆ ಹತ್ತಿ,
ನೆಟ್ಟ ಗಾಜಿನ ಚೂರುಗಳನ್ನು ಲೆಕ್ಕಕ್ಕಿಡದೆ
ಓಬಕ್ಕನ ಹಿತ್ತಲಿಗೆ ಇಳಿದು ಕೂತಿತು.

ಪಾಲಾದ ದಿನ ಅಣ್ಣತಮ್ಮಂದಿರು
ಹೊಲ, ಕಣ, ಎತ್ತು, ಬೋರಿನ ಸರದಿ ಎಲ್ಲ ಹಂಚಿಕೊಂಡು
ಒಂದೇ ಕಡ್ಡಿಯಲ್ಲಿ ಎರಡು ಬೀಡಿ ಹಚ್ಚಿದರು.
ನಾವು ಓರಗಿತ್ತಿಯರು ಒಂದು ಒರಳುಕಲ್ಲಿಗೆ ಮಾತು ಬಿಟ್ಟೆವು.
ಈಗ ಎರಡೂ ಮನೆಯಲ್ಲಿ ಮಿಕ್ಸಿ.
ಗೆದ್ದು ತಂದ ಒರಳಿನಲ್ಲಿ
ನನ್ನ ಕೋಳಿಗಳು ನೀರು ಕುಡಿಯುತ್ತವೆ.

ಪುಟ್ಟಿ ಬೋರಲು ಹಾಕಿ, ಮೇಲೆ ನಿಂತು ಇಣುಕಿದೆ.
ಯಾವಾಗಲೋ ಕಿತ್ತು ಸಾರಿಗೆ ಹಾಕಿರುತ್ತಾಳೆ, ಅಂದುಕೊಂಡೇ ಇಣುಕಿದ್ದು.
ಕಾಯಿ ಇತ್ತು.
ತೊಟ್ಟಿಗೆ ನೀಲಿ ರವಿಕೆಯ ಚಿಂದಿ ಕಟ್ಟಿತ್ತು.
ಭಾರಕ್ಕೆ ಬಳ್ಳಿ ಹರಿಯದಂತೆ ಕೆಳಗೊಂದು ಸಿಂಬಿ,
ಸಿಂಬಿಯ ಕೆಳಗೆ ಎರಡು ಇಟ್ಟಿಗೆ.
ಅತ್ತೆ ಅವಳಿಗೂ ಅತ್ತೆ ಎಂಬುದು
ಪುಟ್ಟಿಯ ಮೇಲೆ ನಿಂತಾಗ ನೆನಪಾಯಿತು.
ಇಳಿದು ಬಂದು ಶೇಂಗಾ ಬಿಡಿಸಲು ಕೂತೆ.

ನಡುರಾತ್ರಿ ಎಮ್ಮೆ ಈಯಿತು.
ಮೊಬೈಲಿನ ಬೆಳಕು ಹಿಡಿದ ಮಗನ ಕೈ ನಡುಗಿ
ಕೊಟ್ಟಿಗೆಯ ಗೋಡೆಯೆಲ್ಲ ನಡುಗುತ್ತಿತ್ತು.
ಆಚೆ ಬಾಗಿಲು ಕಿರುಗುಟ್ಟಿತು.

"ಕೋಣವೋ?"
"ಹೆಣ್ಣು."
"ಕಸ ಬಿತ್ತಾ?"
"ಇನ್ನೂ ಇಲ್ಲ."

ಮತ್ತೆ ಮಾತಿಲ್ಲ. ಸ್ವಲ್ಪ ಹೊತ್ತಿಗೆ ಗಾಜಿನ ಮೇಲಿಂದ
ಒಂದು ಕಂತೆ ಬಿದಿರು ಸೊಪ್ಪು ಹಾರಿ ಬಂದು
ನನ್ನ ಕಾಲ ಬಳಿ ಬಿತ್ತು.
ನಾಲ್ಕು ವರ್ಷದ ಮೇಲೆ ಆಡಿದ್ದು ಇಷ್ಟು.

ಬೆಳಿಗ್ಗೆ ಗಿಣ್ಣು ಕಾಸಿ ಮಗನ ಕೈಲಿ ಒಂದು ಬಟ್ಟಲು ಕಳಿಸಿದೆ.
ಬಟ್ಟಲು ಹಿಂದಕ್ಕೆ ಬರಲಿಲ್ಲ.

ದೀಪಾವಳಿ ಕಳೆದು, ಅವರೆ ಹೂಬಿಟ್ಟು,
ಜುಂಜಪ್ಪ ಕೊನೆಗೂ ಬಂದು ಕುರಿಗಳನ್ನು ಬೋಳಿಸಿ,
ಅವು ಒಂದನ್ನೊಂದು ಗುರುತು ಸಿಗದೆ ಮೂಸುತ್ತಿದ್ದ ದಿನ
ಗೋಡೆಯ ಮೇಲೆ ಸೋರೆ ಕೂತಿತ್ತು, ಚಿಂದಿ ಸಮೇತ.
ಅಲ್ಲಾಡಿಸಿದರೆ ಒಳಗೆ ಗಲಗಲ.

ಗರಗಸದಲ್ಲಿ ಕೊಯ್ದೆ. ಬೂದಿಯಲ್ಲಿ ಉರುಳಿಸಿದೆ.
ಎಣಿಸಬಾರದು ಅನ್ನುತ್ತಾರೆ, ಎಣಿಸಿದೆ.
ಅರ್ಧ ಸೂರಿನ ಗಡಿಗೆಗೆ. ಅರ್ಧ
ಒಂದು ತೆಂಗಿನ ಕರಟದಲ್ಲಿ, ಗಾಜಿನ ಚೂರುಗಳ ಸಂದಿಯಲ್ಲಿ ಇಟ್ಟು
ಹಾಲು ಕರೆಯಲು ಹೋದೆ.

ಸಂಜೆಗೆ ಕರಟ ಖಾಲಿ.
ಗೋಡೆಯ ಕೆಳಗೆ ನನ್ನ ಕೆಂಚು ಹುಂಜ
ಏನೂ ತಿಳಿಯದವನಂತೆ ಒಂಟಿ ಕಾಲಲ್ಲಿ ನಿಂತಿತ್ತು.
ಅವಳು ಒಯ್ದಳೋ, ಇವನು ತಿಂದನೋ,
ನಾನು ಕೇಳಲಿಲ್ಲ.
ಮೃಗಶಿರ ಬರಲಿ,
ಆ ಕಡೆಯಿಂದ ಯಾವುದಾದರೂ ಕುಡಿ
ಈ ಕಡೆಗೆ ಇಣುಕುತ್ತದೇನೋ ನೋಡೋಣ.